ಮುಚ್ಚಿದ ಮಳಿಗೆ, ತೀರದ ಬಾಕಿ

ಚೆನ್ನೈನ ತಿರುವಾನ್ಮಿಯೂರಿನಲ್ಲಿ 1997ರಲ್ಲಿ ಒಂದೇ ಮಳಿಗೆಯಿಂದ ಆರಂಭವಾದ ‘ಸುಭಿಕ್ಷಾ’, 2008ರ ವೇಳೆಗೆ ದೇಶದ ನಾನಾ ನಗರಗಳಲ್ಲಿ ಸುಮಾರು 1,600 ಮಳಿಗೆಗಳ ಸರಪಳಿಯಾಗಿತ್ತು. ಬೆಂಗಳೂರಿನ ಬಡಾವಣೆಗಳಲ್ಲೂ ಅದರ ಫಲಕ ಕಾಣುತ್ತಿತ್ತು. 2009ರ ಆರಂಭದ ತಿಂಗಳುಗಳಲ್ಲಿ ಎಲ್ಲಕ್ಕೂ ಬೀಗ ಬಿತ್ತು. ಈ ಪತನವನ್ನು ಅತಿಯಾಸೆಯ ಫಲವೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಅದರಲ್ಲಿ ಇಂದಿಗೂ ಪ್ರಸ್ತುತವಾದ ಇನ್ನೊಂದು ಪಾಠವಿದೆ ಎಂಬುದು ನನ್ನ ಅಭಿಪ್ರಾಯ.

ಸುಭಿಕ್ಷಾದ ಮೂಲ ಯೋಚನೆ ಸರಳವೂ ಸಮರ್ಪಕವೂ ಆಗಿತ್ತು. ಹವಾನಿಯಂತ್ರಣವಿಲ್ಲ, ಆಡಂಬರವಿಲ್ಲ, ಮನೆಗೆ ಸಮೀಪದ ಸಣ್ಣ ಮಳಿಗೆಯಲ್ಲಿ ದಿನಸಿ ಹಾಗೂ ಔಷಧಿ ರಿಯಾಯಿತಿ ದರದಲ್ಲಿ ದೊರೆಯುತ್ತಿದ್ದವು. ಲಾಭಾಂಶ ತೆಳುವಾದರೂ ಸರಕು ಬೇಗ ಖರ್ಚಾಗುತ್ತಿತ್ತು. ತಮಿಳುನಾಡಿನ ಪರಿಮಿತಿಯಲ್ಲಿದ್ದಷ್ಟು ಕಾಲ ಗ್ರಾಹಕರ ಅಭಿರುಚಿ, ಸಾಗಣೆಯ ದೂರ, ಪೂರೈಕೆದಾರರ ಪರಿಚಯ ಎಲ್ಲವೂ ಅನುಕೂಲಕರವಾಗಿದ್ದವು.

2005ರ ನಂತರ ವಿಸ್ತರಣೆಗೆ ವೇಗ ಬಂದಿತು. ಬಂಡವಾಳ ಹೂಡಿದವರು ಸಾಮಾನ್ಯರಲ್ಲ. ಐಸಿಐಸಿಐ ವೆಂಚರ್ ಅದಕ್ಕೂ ಮೊದಲೇ ಪಾಲು ಹೊಂದಿತ್ತು. 2008ರಲ್ಲಿ ಅಜೀಂ ಪ್ರೇಮ್‌ಜಿ ಅವರ ಹೂಡಿಕೆ ಸಂಸ್ಥೆ ಅದರಿಂದ ಶೇ 10ರಷ್ಟು ಪಾಲನ್ನು ಸುಮಾರು 230 ಕೋಟಿ ರೂಪಾಯಿಗೆ ಖರೀದಿಸಿತು. ಆದರೆ ಮಳಿಗೆಗಳ ವಿಸ್ತರಣೆ ನಡೆದದ್ದು ಬಹುಪಾಲು ಸಾಲದ ಬಲದಿಂದ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಕುಸಿದು ಹಣದ ಮಾರುಕಟ್ಟೆ ಬಿಗಿಯಾದಾಗ ಹೊಸ ಹಣ ಹುಟ್ಟಲಿಲ್ಲ. ಬಾಡಿಗೆ, ಸಂಬಳ, ಪೂರೈಕೆದಾರರ ಪಾವತಿ ನಿಂತವು. ಸರಕು ಬರಲಿಲ್ಲ; ಖಾಲಿ ಕಪಾಟು ಕಂಡ ಗ್ರಾಹಕ ಮತ್ತೆ ಬರಲಿಲ್ಲ. ವ್ಯಾಪಾರ ನಿಂತ ಮೇಲೆ ಸಾಲ ತೀರಿಸುವ ದಾರಿಯೂ ಮುಚ್ಚಿತು.

ಚಿಲ್ಲರೆ ವ್ಯಾಪಾರದ ಗುಟ್ಟು ಇಲ್ಲಿದೆ. ಗ್ರಾಹಕ ಇಂದೇ ನಗದು ಕೊಡುತ್ತಾನೆ. ಪೂರೈಕೆದಾರನಿಗೆ ಕೆಲವು ವಾರಗಳ ನಂತರ ಹಣ ಸಲ್ಲುತ್ತದೆ. ಅಂದರೆ ಬೇಳೆ, ಸಾಬೂನು ಒದಗಿಸುವ ಸಣ್ಣ ಉದ್ಯಮಿ ಆ ಸಂಸ್ಥೆಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟಂತೆ. ತಿಂಗಳ ಕೊನೆಗೆ ಸಂಬಳ ಪಡೆಯುವ ನೌಕರನೂ ಒಂದರ್ಥದಲ್ಲಿ ಸಾಲಿಗನೇ. ವ್ಯತ್ಯಾಸವೆಂದರೆ, ಬ್ಯಾಂಕಿನ ಬಳಿ ಅಡಮಾನವಿದೆ, ಲೆಕ್ಕಪತ್ರ ನೋಡುವ ಹಕ್ಕಿದೆ. ಇವರ ಬಳಿ ಎರಡೂ ಇಲ್ಲ.

ಕಾನೂನು ಸ್ವಲ್ಪಮಟ್ಟಿಗೆ ಸುಧಾರಿಸಿದೆ. 2006ರ ಸಣ್ಣ ಉದ್ಯಮಗಳ ಕಾಯ್ದೆಯು ಗರಿಷ್ಠ 45 ದಿನಗಳಲ್ಲಿ ಪಾವತಿಯಾಗಬೇಕೆನ್ನುತ್ತದೆ. ಆದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಸಿಗುವುದೇ ಎಂಬ ಅಳುಕು ಕಾಯ್ದೆಗಿಂತ ಬಲವಾದುದು. 2016ರ ದಿವಾಳಿ ಸಂಹಿತೆಯು ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನ ಪಡೆದ ಸಾಲಿಗರ ಸಮಾನ ಸ್ಥಾನ ನೀಡಿದ್ದು ಸ್ವಾಗತಾರ್ಹ. ಆದರೆ ಸಂಸ್ಥೆಯ ಭವಿಷ್ಯ ನಿರ್ಧರಿಸುವ ಸಾಲಿಗರ ಸಮಿತಿಯಲ್ಲಿ ಸಾಮಾನ್ಯವಾಗಿ ಪೂರೈಕೆದಾರನಿಗೆ ಮತವಿಲ್ಲ.

ನಿಧಾನವಾಗಿ ಬೆಳೆಯುವುದು ಅಸಾಧ್ಯವೇನಲ್ಲ. 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಆರಂಭವಾದ ಡಿ–ಮಾರ್ಟ್, ಬಹುತೇಕ ಸ್ವಂತ ಕಟ್ಟಡಗಳಲ್ಲಿ ಮಳಿಗೆ ತೆರೆಯುತ್ತಾ, ಪೂರೈಕೆದಾರರಿಗೆ ಬೇಗ ಹಣ ಸಲ್ಲಿಸಿ ಅದಕ್ಕೆ ಪ್ರತಿಯಾಗಿ ಅಗ್ಗದ ದರ ಪಡೆಯುತ್ತಾ ಸಾಗಿತು. 2017ರಲ್ಲಷ್ಟೇ ಷೇರು ಮಾರುಕಟ್ಟೆಗೆ ಬಂದಿತು. ಎಲ್ಲರೂ ಹೀಗೆಯೇ ನಡೆಯಲಿ ಎಂದು ಸರ್ಕಾರ ಆಜ್ಞಾಪಿಸಲಾಗದು. ಆದರೆ ಸಣ್ಣ ಉದ್ಯಮಗಳಿಗೆ 45 ದಿನ ಮೀರಿ ಬಾಕಿ ಉಳಿಸಿಕೊಂಡ ಕಂಪನಿಗಳು ಅರ್ಧವಾರ್ಷಿಕ ವಿವರ ಸಲ್ಲಿಸಬೇಕೆಂಬ ನಿಯಮ 2019ರಿಂದಲೇ ಇದೆ. ಬ್ಯಾಂಕುಗಳು ಹೊಸ ಸಾಲ ಮಂಜೂರು ಮಾಡುವ ಮುನ್ನ ಆ ವಿವರವನ್ನೂ ಸಂಬಳದ ಬಾಕಿಯನ್ನೂ ಪರಿಶೀಲಿಸುವುದು ಕಡ್ಡಾಯವಾಗಲಿ. ಸಂಸ್ಥೆಯೊಂದು ಮುಗ್ಗರಿಸುತ್ತಿದೆ ಎಂಬುದು ಮೊದಲು ತಿಳಿಯುವುದು ಅದರ ಪೂರೈಕೆದಾರನಿಗೆ ಮತ್ತು ನೌಕರನಿಗೆ. ಅವರ ಮಾತು ದಾಖಲೆಗೆ ಬಂದರೆ, ನಷ್ಟವೂ ಮೊದಲು ಅವರ ಪಾಲಿಗೇ ಬರುವುದು ತಪ್ಪೀತು.