ಹನ್ನೆರಡು ಹನ್ನೆರಡ್ಲಿ

ಮದುವೆಮನೆಯಲ್ಲಿ ಒಂದು ಪಂಕ್ತಿಗೆ ಎಷ್ಟು ಎಲೆ ಹಾಕುತ್ತಾರೆ? ನೂರು, ಹೆಚ್ಚೆಂದರೆ ನೂರೈವತ್ತು. ಜೆ.ಆರ್.ಆರ್. ಟೋಲ್ಕಿನ್ ಕಲ್ಪಿಸಿದ ಜಗತ್ತಿನಲ್ಲಿ ಎಲ್ಫ್ ಜನಾಂಗ ಕಣ್ಣು ಬಿಟ್ಟಾಗ ಅಷ್ಟೂ ಮಂದಿಯನ್ನು ಅಂಥ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಬಹುದಿತ್ತು. ಒಟ್ಟು 144 ಜನ. ಒಬ್ಬರು ಹೆಚ್ಚಿಲ್ಲ, ಒಬ್ಬರು ಕಡಿಮೆಯಿಲ್ಲ. ಕುಯಿವಿಯೇನೆನ್ ಎಂಬ ಸರೋವರದ ಸೀಮೆಯಲ್ಲಿ, ಹುಲ್ಲಿನ ಕೆಳಗೆ ಮಣ್ಣಿನ ಮಡಿಲಲ್ಲಿ ನಿದ್ದೆಹೋಗಿದ್ದವರು, ಹೆತ್ತವರಿಲ್ಲದೆ, ಬೆಳೆದ ಮೈಯಲ್ಲೇ ಎದ್ದರು.

ಟೋಲ್ಕಿನ್ 1973ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಕಾಗದದ ರಾಶಿಯನ್ನು ಮಗ ಕ್ರಿಸ್ಟೋಫರ್ ಬಿಡಿಸಿ, ಜೋಡಿಸಿ, 1983ರಿಂದ 1996ರವರೆಗೆ 12 ಸಂಪುಟಗಳಲ್ಲಿ ಹೊರತಂದರು. ಈ ಕಥೆ ಇರುವುದು 1994ರಲ್ಲಿ ಬಂದ ಹನ್ನೊಂದನೆಯದರಲ್ಲಿ, ಕೆಲವೇ ಪುಟಗಳಲ್ಲಿ. ಎಲ್ಫ್‌ಗಳು ಮಕ್ಕಳಿಗೆ ಎಣಿಕೆ ಕಲಿಸಲು ಹೇಳುತ್ತಿದ್ದ ಕಥೆ ಎಂಬ ರೂಪದಲ್ಲಿ ಟೋಲ್ಕಿನ್ ಇದನ್ನು ಬರೆದಿದ್ದಾರೆ. ನಮ್ಮಲ್ಲಿ ಮಗ್ಗಿ ಇದ್ದಹಾಗೆ, ಅವರಿಗೆ ತಮ್ಮ ಹುಟ್ಟೇ ಮಗ್ಗಿ.

ಮೊದಲು ಎದ್ದವರು ಮೂವರು: ಇಮಿನ್, ತಾತ, ಎನೆಲ್. ಕನ್ನಡದ ಕಿವಿಗೆ ನಡುವಿನ ಹೆಸರು ಕೂಡಲೇ ಹಿರಿಯನನ್ನು ನೆನಪಿಸುತ್ತದೆ. ಅಲ್ಲಿ ಅದರ ಅರ್ಥ ಎರಡು. ಒಂದು, ಎರಡು, ಮೂರು ಎಂಬ ಪದಗಳು ಈ ಮೂವರ ಹೆಸರಿನಿಂದಲೇ ಹುಟ್ಟಿದವು ಎನ್ನುತ್ತಾರೆ ಎಲ್ಫ್‌ಗಳು. ನನ್ನನ್ನು ಹಿಡಿದು ನಿಲ್ಲಿಸುವುದು ಈ ಮಾತು. ಆ ಜಗತ್ತಿನಲ್ಲಿ ಸಂಖ್ಯೆಗಿಂತ ಮೊದಲು ಮನುಷ್ಯಮುಖವಿತ್ತು.

ಮೂವರೂ ಪಕ್ಕದಲ್ಲಿ ಮಲಗಿದ್ದ ತಮ್ಮ ತಮ್ಮ ಸಂಗಾತಿಯನ್ನು ಎಬ್ಬಿಸಿದರು. ಆರು ಜನರಾದರು, ನಡೆಯತೊಡಗಿದರು. ಗುಡ್ಡಗಳ ನಡುವೆ ಆರು ಜೋಡಿ ಸಿಕ್ಕಿತು. ಹಿರಿಯನಾದ ಇಮಿನ್, ಇವರು ನನ್ನವರು ಎಂದ. ಈಗ 18. ಮುಂದೆ ಒಂಬತ್ತು ಜೋಡಿ. ತಾತನ ಪಾಲಿಗೆ ಬಂದರು. 36. ಆಮೇಲೆ ಹನ್ನೆರಡು ಜೋಡಿ, ಎನೆಲ್‌ನ ಪಾಲು. 60. ಇಷ್ಟು ಜನ ಬಹಳ ಕಾಲ ಒಟ್ಟಿಗೆ ಇದ್ದು ಹಾಡು ಕಟ್ಟಿದರು, ಮಾತು ಕಟ್ಟಿದರು.

ಅಷ್ಟರಲ್ಲಿ ಇಮಿನ್ ಒಂದನ್ನು ಗಮನಿಸಿದ್ದ. ಆರು, ಒಂಬತ್ತು, ಹನ್ನೆರಡು: ಸಿಗುವ ಗುಂಪು ಪ್ರತಿಸಲವೂ ದೊಡ್ಡದಾಗುತ್ತಿದೆ. ಮೊದಲು ಆರಿಸಿದ ತನ್ನದೇ ಎಲ್ಲಕ್ಕಿಂತ ಚಿಕ್ಕದು. ಇನ್ನು ಮುಂದೆ ನಾನು ಕೊನೆಗೆ ಆರಿಸುತ್ತೇನೆ ಎಂದುಕೊಂಡ. ಹೊರಟರು. ಹದಿನೆಂಟು ಜೋಡಿ ಸಿಕ್ಕಿತು; ಇಮಿನ್ ಸುಮ್ಮನಿದ್ದ, ತಾತ ತೆಗೆದುಕೊಂಡ. 96. ಇಪ್ಪತ್ನಾಲ್ಕು ಜೋಡಿ ಸಿಕ್ಕಿತು; ಮಾತು ಬಾರದೆಯೂ ಹಾಡುತ್ತಿದ್ದವರು ಅವರು. ಎನೆಲ್ ತೆಗೆದುಕೊಂಡ. 144. ಇಮಿನ್ ಕಾದ. ಆಮೇಲೆ ಎಷ್ಟು ಹುಡುಕಿದರೂ ಯಾರೂ ಸಿಗಲಿಲ್ಲ.

ಕೊನೆಯ ಲೆಕ್ಕ: ಇಮಿನ್‌ನ ಬಳಗ 14, ತಾತನದು 56, ಎನೆಲ್‌ನದು 74. ಒಂದು ಗಳಿಗೆಯ ಎಣಿಕೆ ತಪ್ಪಿದ್ದಕ್ಕೆ ಹಿರಿಯನ ಕುಲ ಮುಂದೆಯೂ ಚಿಕ್ಕದಾಗಿಯೇ ಉಳಿಯಿತು. ಬಹುಕಾಲ 144 ಅವರಿಗೆ ಎಣಿಕೆಯ ತುದಿಯೂ ಆಗಿತ್ತು. ಮುಂದೆ ಅವರ ಭಾಷೆಗಳು ಎಷ್ಟು ಕವಲೊಡೆದರೂ ಅದಕ್ಕಿಂತ ದೊಡ್ಡ ಸಂಖ್ಯೆಗೆ ಎಲ್ಲರಿಗೂ ಸಮಾನವಾದ ಪದ ಹುಟ್ಟಲಿಲ್ಲ. ತಾವು ಎಷ್ಟು ಜನವೋ ಅಷ್ಟೇ ಲೋಕದ ಲೆಕ್ಕ.

ಅದೇ ಸಂಖ್ಯೆ ಕಾಲವನ್ನೂ ಅಳೆಯಿತು. ಟೋಲ್ಕಿನ್‌ರ ಕಾದಂಬರಿ ‘ಲಾರ್ಡ್ ಆಫ್ ದ ರಿಂಗ್ಸ್’ನ ಅನುಬಂಧದಲ್ಲಿ ಎಲ್ಫ್‌ಗಳ ಕಾಲಮಾನ ಯೇನ್‌ನ ವಿವರ ಇದೆ. ಒಂದು ಯೇನ್ ಎಂದರೆ ನಮ್ಮ 144 ವರ್ಷ, 52,596 ದಿನ. ಅವರ ವಾರಕ್ಕೆ ಆರು ದಿನ, ಹಾಗಾಗಿ 8,766 ವಾರ, ಶೇಷವಿಲ್ಲದೆ. ನಮ್ಮಲ್ಲಿ ಒಬ್ಬ ಮನುಷ್ಯ ಒಂದು ಯೇನ್ ಮುಗಿಸಿದ ದಾಖಲೆಯೇ ಇಲ್ಲ.

ಈಗ ಎರಡು ಲೆಕ್ಕ ಕೂಡಿಸಿ ನೋಡಿ. ಟೋಲ್ಕಿನ್ ಬರೆದ ಒಂದು ಕಾಲಾನುಕ್ರಮಣಿಕೆಯಲ್ಲಿ ದೇವತೆಗಳ ಒಂದು ವರ್ಷ ನಮ್ಮ 9.582 ವರ್ಷಕ್ಕೆ ಸಮ. ಎಲ್ಫ್‌ಗಳು ಎದ್ದದ್ದು ಆ ಗಣನೆಯ 1050ರಲ್ಲಿ. ಅವರು ಅಲ್ಲಿದ್ದಾರೆಂದು ಬೇಟೆಗೆ ಬಂದ ದೇವತೆ ಓರೊಮೆಗೆ ಗೊತ್ತಾದದ್ದು 1085ರಲ್ಲಿ. ಮೂವತ್ತೈದೇ ವರ್ಷ ಎನ್ನಿಸುತ್ತದೆ. ಗುಣಿಸಿದರೆ 335! ವಿಜಯನಗರದ ಸ್ಥಾಪನೆಯಿಂದ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಪಟ್ಟವೇರುವವರೆಗಿನಷ್ಟು ಕಾಲ ಆ ಜನ ತಾವೇ ತಾವಾಗಿ, ನಕ್ಷತ್ರದ ಬೆಳಕಲ್ಲಿ ಹಾಡಿಕೊಂಡಿದ್ದರು. ಅದೇ ಗಣನೆಯಲ್ಲಿ ಸೂರ್ಯ ಮೊದಲ ಸಲ ಮೂಡುವುದು 1500ರಲ್ಲಿ. ಎದ್ದ ಮೇಲೆ ಬೆಳಗಾಗಲು 4,300 ವರ್ಷ. ಅಲ್ಲಿಂದ ‘ಲಾರ್ಡ್ ಆಫ್ ದ ರಿಂಗ್ಸ್’ನ ಉಂಗುರದ ಕಥೆ ಮುಗಿಯುವವರೆಗೆ ಇನ್ನೂ ಸುಮಾರು 7,000. ಆ ಕೊನೆಯಲ್ಲಿ ಬಂದರಿನಲ್ಲಿ ಹಡಗು ಕಟ್ಟುತ್ತ ನಿಂತ ಕೀರ್ದಾನ್ ಎಂಬ ಎಲ್ಫ್, ತನ್ನ ಜನ ಸರೋವರದಿಂದ ಪಶ್ಚಿಮಕ್ಕೆ ಹೊರಟ ಮೊದಲ ಮಹಾಯಾತ್ರೆಯಲ್ಲಿ ಇದ್ದವನು. ಹತ್ತು ಸಾವಿರ ವರ್ಷ ದಾಟಿದ ಒಂದೇ ಜೀವ, ಒಂದೇ ನೆನಪು.

ಆ ಯಾತ್ರೆಗೆ ಎಲ್ಲರೂ ಹೊರಡಲಿಲ್ಲ. ಮೂಲದ 144ನ್ನೇ ಪ್ರಮಾಣವಾಗಿ ಇಟ್ಟುಕೊಂಡು ಟೋಲ್ಕಿನ್ ಅದನ್ನೂ ಭಾಗ ಹಾಕಿದರು. ಇಮಿನ್‌ನ 14 ಪಾಲೂ ಹೊರಟವು. ತಾತನ 56ರಲ್ಲಿ 28, ಎನೆಲ್‌ನ 74ರಲ್ಲಿ 28 ಒಲ್ಲೆ ಎಂದವು. ಅಂದರೆ 144ರಲ್ಲಿ 56 ಪಾಲು ಹುಟ್ಟಿದ ನೆಲ ಬಿಡಲಿಲ್ಲ. ಐವರಲ್ಲಿ ಸುಮಾರು ಇಬ್ಬರು! ಅವರನ್ನು ಅವಾರಿ ಎಂದು ಕರೆದರು, ಒಲ್ಲದವರು ಎಂದು. ಹೋದವರಿಗೆ ರಾಜರಿದ್ದಾರೆ, ಯುದ್ಧಗಳಿವೆ, ಸಂಪುಟಗಟ್ಟಲೆ ಕಥೆಯಿದೆ. ಉಳಿದವರಿಂದ ಟೋಲ್ಕಿನ್ ದಾಖಲಿಸಿದ್ದು ಅವರ ಪಂಗಡಗಳ ಹೆಸರು, ಕೇವಲ ಆರು: ಕಿಂದಿ, ಕುಯಿಂದ್, ಹ್ವೆಂತಿ, ವಿಂದನ್, ಕಿನ್ನ್-ಲೈ, ಪೆನ್ನಿ. ಆರೂ ಸರೋವರದ ದಡದಲ್ಲಿ ಎಲ್ಲರೂ ತಮಗೆ ತಾವೇ ಇಟ್ಟುಕೊಂಡಿದ್ದ ಒಂದೇ ಹೆಸರಿನ ಸವೆದ ರೂಪಗಳು. ಮಾತಾಡುವವರು ಎಂದು ಅದರ ಅರ್ಥ.