ಹಕ್ಕಿ ತಾಣವನ್ನು ಆರಿಸುವ ಬಗೆ

ಹಕ್ಕಿಗೆ ಗೂಡೇ ಮನೆ ಎಂದು ನಾವು ಹೇಳುವುದುಂಟು. ಆದರೆ ಹೆಚ್ಚಿನ ಹಕ್ಕಿಗಳಿಗೆ ಗೂಡು ಮನೆಯಲ್ಲ, ತೊಟ್ಟಿಲು. ಮರಿಗಳ ರೆಕ್ಕೆ ಬಲಿತ ಮೇಲೆ ಅದರ ಅಗತ್ಯ ತೀರಿತು. ಆದಕಾರಣ ತಾಣವನ್ನು ಆರಿಸುವಾಗ ಹಕ್ಕಿ ಮುಖ್ಯವಾಗಿ ನೋಡುವುದು ಮೂರು ಸಂಗತಿಗಳನ್ನು: ಗೂಡು ಶತ್ರುವಿಗೆ ಎಟುಕಬಾರದು, ಗಾಳಿಮಳೆಗಳನ್ನು ತಾಳಬೇಕು, ಮರಿಗಳ ಆಹಾರ ಸಮೀಪದಲ್ಲಿರಬೇಕು. ಆ ತಾಣ ಪ್ರಕೃತಿಯದೋ ಮನುಷ್ಯನದೋ ಎಂಬ ವಿಚಾರ ಅದಕ್ಕಿಲ್ಲ. ವಿಜಯನಗರದ ಅರಸರು ಹೊಳೆಯನ್ನು ಕಾಲುವೆಗಳಿಗೆ ತಿರುಗಿಸಿದ ಕಾಲದಿಂದಲೂ ಮನುಷ್ಯನ ಕೈವಾಡವನ್ನು ಕಂಡಿರುವ ಹೊಸಪೇಟೆಯ ಸೀಮೆ ಇದಕ್ಕೆ ಒಳ್ಳೆಯ ನಿದರ್ಶನ.

ಹಂಪಿಯಂಥ ಊರಿನ ಕಲ್ಲುಮಂಟಪಗಳು ಬಾನಾಡಿಗೆ ಒಪ್ಪುವ ತಾಣ. ಗರಿ, ಹುಲ್ಲೆಳೆಗಳನ್ನು ಜೊಲ್ಲಿನಿಂದ ಚಾವಣಿಗೆ ಅಂಟಿಸಿ ಅದು ಗೂಡು ಕಟ್ಟುತ್ತದೆ. ಅದರ ಕಾಲು ಬಹು ಗಿಡ್ಡ. ಕೊಂಬೆಯ ಮೇಲೆ ಕೂರಲಾರದು, ನೆಲದಿಂದ ಮೇಲೇಳುವುದೂ ಕಷ್ಟ. ಗೂಡಿನಿಂದ ಕೆಳಕ್ಕೆ ಜಾರಿಯೇ ಗಾಳಿಯನ್ನು ಹಿಡಿಯಬೇಕು. ಎತ್ತರದ ಚಾವಣಿ, ಕೆಳಗೆ ತೆರಪು: ಬಂಡೆಯ ಗವಿಯಲ್ಲಿದ್ದ ಈ ಅನುಕೂಲ ಮಂಟಪದಲ್ಲಿಯೂ ದೊರೆಯಿತು.

ಕಂಪ್ಲಿಯ ಗದ್ದೆಬಯಲು ಗೀಜಗಕ್ಕೆ ಹೇಳಿ ಮಾಡಿಸಿದ್ದು. ಗಂಡು ಅರ್ಧ ಗೂಡನ್ನು ನೇಯ್ದು ಕಾಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಮೆಚ್ಚಿದರೆ ಮಾತ್ರ ಉಳಿದದ್ದನ್ನು ಮುಗಿಸುತ್ತದೆ. ಹೆಣ್ಣು ನೋಡುವುದು ನೇಯ್ಗೆಯ ಅಂದಕ್ಕಿಂತ ಹೆಚ್ಚಾಗಿ ತಾಣದ ಭದ್ರತೆಯನ್ನು. ಕೆಲವು ವರ್ಷಗಳ ಹಿಂದೆ ನಮ್ಮ ಬಾವಿಯ ಮೇಲೆ ಬಾಗಿದ್ದ ಜಾಲಿಯನ್ನು, ನೀರಿಗೆ ಕಸ ಬೀಳುವುದೆಂದು, ನಾನೇ ಕಡಿಸಿದೆ. ಮರುವರ್ಷದ ಮಳೆಗಾಲದಲ್ಲಿ ಗೀಜಗಗಳು ಬಂದು ಬಾವಿಯನ್ನು ಸುತ್ತಿ ಹೊರಟುಹೋದವು. ಹತ್ತು ಹೆಜ್ಜೆಯಾಚೆ ಬೇವಿನ ಮರವಿತ್ತು. ಮುಳ್ಳೂ ಇಲ್ಲದ, ಕೆಳಗೆ ನೀರೂ ಇಲ್ಲದ ಆ ಮರ ಅವಕ್ಕೆ ಬೇಡವಾಯಿತು. ಮರವೆಲ್ಲ ಒಂದೇ ಎಂದು ತಿಳಿದಿದ್ದವನು ನಾನು.

ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಕಾಣಬಹುದು. ಬೇಸಾಯಕ್ಕೆಂದು ಹಿಂದಿನವರು ಕಟ್ಟಿದ ಕೆರೆಯದು; ವಿಸ್ತೀರ್ಣ 98.76 ಹೆಕ್ಟೇರ್. ನೀರಿನ ನಡುವೆ ನಿಂತ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು ಮೊದಲಾದವು ಸಾವಿರಾರು ಸಂಖ್ಯೆಯಲ್ಲಿ ನೆಲೆಸುತ್ತವೆ. ಸುತ್ತಲಿನ ನೀರೇ ಅವುಗಳ ಕಂದಕ. ಅದು ಬತ್ತಿದರೆ ನಾಯಿನರಿಗಳು ಮರದ ಬುಡಕ್ಕೆ ಬರುತ್ತವೆ. ಮರಿಗಳಿಗೆ ಮೀನೂ ಇಲ್ಲವಾಗುತ್ತದೆ. 2017ರಲ್ಲಿ ಇದು ಸಂರಕ್ಷಿತ ಪಕ್ಷಿಧಾಮವಾಯಿತು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ವಾರ್ತೆ ಬಂದಿತು.

ಹಾಗೆಂದು ಹಕ್ಕಿಗಳೆಲ್ಲ ನಮಗೆ ಹೊಂದಿಕೊಳ್ಳುತ್ತವೆ ಎಂದುಕೊಳ್ಳುವುದು ತಪ್ಪು. ದಕ್ಷಿಣ ಭಾರತದಲ್ಲಿ ಮಾತ್ರ ಕಾಣುವ ಹಳದಿ ಕೊರಳಿನ ಪಿಕಳಾರ ಹಂಪಿ, ದರೋಜಿಗಳ ಬಂಡೆಗುಡ್ಡಗಳಲ್ಲಿದೆ. ಅದಕ್ಕೆ ಮಂಟಪವೂ ಬೇಡ, ಗದ್ದೆಯೂ ಬೇಡ. ಬಂಡೆಗಳ ನಡುವಿನ ಕುರುಚಲು ಪೊದೆಯೇ ಬೇಕು. ಕಲ್ಲುಗಣಿಯಲ್ಲಿ ಬಂಡೆ ಒಡೆದರೆ, ಸಂಡೂರಿನ ಅದಿರು ಗಣಿಗಳಲ್ಲಿ ಬೆಟ್ಟದ ಇಳಿಜಾರೇ ಕರಗಿದರೆ, ಆಮೇಲೆ ನೆಟ್ಟ ಸಸಿಗಳ ಸಾಲು ಅಂಥ ತಾಣವನ್ನು ಮರಳಿಸಲಾರದು.

ಮಂಟಪಕ್ಕೆ ಸುಣ್ಣ ಬಳಿಯುವ ಮುನ್ನ, ಕೆರೆಯ ಜಾಲಿಗೆ ಕೊಡಲಿ ಹಾಕುವ ಮುನ್ನ, ಒಮ್ಮೆ ತಲೆಯೆತ್ತಿ ನೋಡೋಣ. ಮೇಲೆ ಗೂಡಿದ್ದರೆ, ಮರಿ ಹಾರುವ ತನಕ ನಮ್ಮ ಕೆಲಸ ಕಾಯಬಲ್ಲದು.