ಬಾಗಿಲು ತೆರೆದ ತೋಟಗಳು

ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯ ದಿನಕ್ಕೊಮ್ಮೆ, ಬೆಂಗಳೂರಿನ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಆ ದಿನಗಳಲ್ಲಿ ನಮ್ಮ ಟಿವಿ ಕ್ಯಾಮೆರಾಗಳು ಗಾಜಿನ ಮನೆ ಬಿಟ್ಟು ಅಲ್ಲಾಡೋದಿಲ್ಲ. ಹೂವಿನಲ್ಲಿ ಮಾಡಿದ ಆಕೃತಿ, ಅದರ ಮುಂದೆ ಸೆಲ್ಫಿ, ಹೊರಗೆ ಡಬಲ್ ರೋಡಿನ ತನಕ ಟ್ರಾಫಿಕ್ ಜಾಮ್. ಮನೆಮಂದಿಯೆಲ್ಲ ಬರ್ತಾರೆ, ಅಜ್ಜಿಯಿಂದ ಹಿಡಿದು ಕಂಕುಳಲ್ಲಿರೋ ಕೂಸಿನವರೆಗೆ. ಬಂದವರು ಹೂ ನೋಡಿ, ಚುರುಮುರಿ ತಿಂದು ಮನೆಗೆ ಹೋಗ್ತಾರೆ. ತಪ್ಪೇನಿಲ್ಲ, ಸಂತೋಷದ ವಿಷಯವೇ. ಆದರೆ ಒಂದು ಪ್ರಶ್ನೆ ಕೇಳ್ತೀನಿ. ಈ ತೋಟ ಯಾರದ್ದು? ನಿಮ್ಮನ್ನು ಒಳಗೆ ಬಿಟ್ಟಿದ್ದು ಯಾಕೆ? ನೀವು ಒಳಗೆ ಹೋಗೋದರಿಂದ ತೋಟಕ್ಕೆ ಏನು ಲಾಭ?

ಮೊದಲಿಗೆ, ಇದು ನಿಮಗಾಗಿ ಕಟ್ಟಿದ ತೋಟ ಅಲ್ಲ. 1760ರ ಸುಮಾರಿಗೆ ಹೈದರ್ ಅಲಿ ಇದನ್ನು ಶುರು ಮಾಡಿದ್ದು ತನಗಾಗಿ. ಆಗ ಸುಮಾರು ನಲವತ್ತು ಎಕರೆ. ದೆಹಲಿ, ಲಾಹೋರ್, ಮುಲ್ತಾನ್‌ಗಳಿಂದ ಗಿಡ ತರಿಸಿದ ಅಂತಾರೆ. ಮಗ ಟಿಪ್ಪು ಹೊರದೇಶಗಳಿಂದಲೂ ಬೀಜ, ಸಸಿ ತರಿಸಿ ಬೆಳೆಸಿದ. ಅವತ್ತಿನ ಸಾಮಾನ್ಯ ಮನುಷ್ಯ ಅದರ ಬೇಲಿಯ ಹತ್ತಿರ ಸುಳಿದಾಡಬಹುದಿತ್ತೇನೋ, ಒಳಗೆ ಕೂತು ಬುತ್ತಿ ಬಿಚ್ಚೋ ಹಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ತೋಟ ಕೈ ಬದಲಾಯಿಸುತ್ತಾ ಹೋಯಿತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯಿತು. ಇವತ್ತು 240 ಎಕರೆ. ಒಬ್ಬ ದೊರೆಯ ಖಾಸಗಿ ತೋಟ ಎಲ್ಲರ ತೋಟ ಆಗೋದಕ್ಕೆ ಸುಮಾರು ನೂರು ವರ್ಷ ಹಿಡಿಯಿತು ಅನ್ನಿ.

ಇದು ಲಾಲ್‌ಬಾಗಿನ ಕಥೆ ಮಾತ್ರ ಅಲ್ಲ. ನಮ್ಮ ದೇಶದ ದೊಡ್ಡ ತೋಟಗಳಲ್ಲಿ ಬಹಳಷ್ಟರ ಕಥೆ ಇದೇ. ಶ್ರೀನಗರದ ಶಾಲಿಮಾರ್ ಬಾಗ್ ಜಹಾಂಗೀರ್ ಬಾದಶಹ ಮಾಡಿಸಿದ್ದು. ಪಕ್ಕದ ನಿಶಾತ್ ಬಾಗ್ ಅವನ ಬೇಗಂ ನೂರ್‌ಜಹಾನಳ ಅಣ್ಣ ಆಸಫ್ ಖಾನನದ್ದು. ಬೆಟ್ಟದ ಮೇಲಿನ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಪ್ರತಿ ಹಂತದಲ್ಲೂ ಕಾರಂಜಿ ಚಿಮ್ಮಿಸೋ ಲೆಕ್ಕಾಚಾರ. ಅಲ್ಲಿ ವಿಹಾರಕ್ಕೆ ಹೋಗ್ತಿದ್ದವರು ರಾಜಮನೆತನದವರು, ಅವರ ಅತಿಥಿಗಳು. ಈಗ ದಾಲ್ ಸರೋವರದ ದಂಡೆಯಲ್ಲಿ ಇಳಿದು ಟಿಕೆಟ್ ತಗೊಂಡ್ರೆ ಮಂಡ್ಯದ ರೈತನೂ ಅಲ್ಲಿ ಕೂರಬಹುದು. ಅಷ್ಟು ದೂರ ಹೋಗೋಕಾಗಲ್ಲ ಅನ್ನೋರಿಗೆ ಅದೇ ಮಾದರಿ ಮಂಡ್ಯದಲ್ಲೇ ಇದೆ. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕಾಶ್ಮೀರದ ಶಾಲಿಮಾರ್ ನೋಡಿಕೊಂಡೇ ಮಾಡಿಸಿದ ತೋಟ, 1932ಕ್ಕೆ ಮುಗಿಯಿತು. ಒಂದೇ ಒಂದು ವ್ಯತ್ಯಾಸ ಏನು ಗೊತ್ತಾ? ಮೊಘಲರು ತಮಗಾಗಿ ಮಾಡಿಸಿಕೊಂಡಿದ್ದನ್ನು ಮೈಸೂರು ಸಂಸ್ಥಾನ ಜನರಿಗಾಗಿ ಮಾಡಿಸಿತು. ಇಂಥ ವ್ಯತ್ಯಾಸಗಳನ್ನು ನಾವು ಗಮನಿಸೋದೇ ಇಲ್ಲ.

ದೆಹಲಿಯ ರಾಷ್ಟ್ರಪತಿ ಭವನದ ತೋಟವನ್ನೇ ತಗೊಳ್ಳಿ. ಸುಮಾರು ಹದಿನೈದು ಎಕರೆ, ಲಟ್ಯೆನ್ಸ್ ವಿನ್ಯಾಸ. ಬ್ರಿಟಿಷ್ ವೈಸ್‌ರಾಯ್‌ಗಾಗಿ ಆಗಿದ್ದು. ದೇಶಕ್ಕೆ ಸ್ವಾತಂತ್ರ್ಯ ಬಂದು ಬಾಬು ರಾಜೇಂದ್ರ ಪ್ರಸಾದ್ ರಾಷ್ಟ್ರಪತಿಯಾದ ಮೇಲೆ ಅದನ್ನು ವರ್ಷದಲ್ಲಿ ಕೆಲವು ಕಾಲ ಜನರಿಗೆ ತೆರೆದರು. ಹೆಸರು ಮೊಘಲ್ ಗಾರ್ಡನ್ ಅಂತಿದ್ದದ್ದು 2023ರಲ್ಲಿ ಅಮೃತ್ ಉದ್ಯಾನ ಆಯ್ತು. ಹೆಸರಿನ ಬಗ್ಗೆ ನಮ್ಮಂಥ ಚಾನೆಲ್‌ಗಳಲ್ಲಿ ಗಂಟೆಗಟ್ಟಲೆ ಚರ್ಚೆ ಆಯ್ತು. ಬಾಗಿಲು ತೆರೆದಿದ್ದರ ಬಗ್ಗೆ ಯಾರೂ ಅರ್ಧ ಗಂಟೆ ಮಾತಾಡಲಿಲ್ಲ. ನನ್ನ ಪ್ರಕಾರ ಹೆಸರಿಗಿಂತ ದೊಡ್ಡ ವಿಷಯ ಅದು.

ಇದೆಲ್ಲ ರಾಜರು, ವೈಸ್‌ರಾಯ್‌ಗಳ ತೋಟ ಆಯ್ತು. ನಮ್ಮ ನಿಮ್ಮಂಥ ಮನೆಯವರ ತೋಟ? ಅದಕ್ಕೆ ಇಂಗ್ಲೆಂಡಿನ ಒಂದು ಪದ್ಧತಿ ಹೇಳ್ತೀನಿ ಕೇಳಿ. ಅಲ್ಲಿ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳೋ ದಾದಿಯರಿದ್ದರು. ಅವರಿಗಾಗಿ ದುಡ್ಡು ಕೂಡಿಸಬೇಕಿತ್ತು. ಎಲ್ಸಿ ವ್ಯಾಗ್ ಎಂಬ ಹೆಂಗಸು ಒಂದು ಉಪಾಯ ಹೇಳಿದಳು: ದೊಡ್ಡ ಮನೆಯವರು ತಮ್ಮ ತೋಟದ ಗೇಟನ್ನು ಒಂದು ದಿನ ತೆಗೆಯಲಿ, ಬಂದವರಿಂದ ತಲೆಗೊಂದು ಶಿಲಿಂಗ್ ತಗೊಳ್ಳಲಿ. ಅಷ್ಟೇ. 1927ರಲ್ಲಿ 609 ತೋಟಗಳು ತೆರೆದವು. ಎಂಟು ಸಾವಿರ ಪೌಂಡಿಗೂ ಮೇಲೆ ಹಣ ಸೇರಿತು. ಆ ಪದ್ಧತಿ ಇವತ್ತಿಗೂ ನಿಂತಿಲ್ಲ. ಈಗ ಮೂರು ಸಾವಿರಕ್ಕೂ ಹೆಚ್ಚು ಖಾಸಗಿ ತೋಟಗಳು ವರ್ಷದಲ್ಲಿ ಒಂದೆರಡು ದಿನ ತೆರೆದುಕೊಳ್ಳುತ್ತವೆ. ಅರಮನೆಯಂಥ ಬಂಗಲೆಯೂ ಇರುತ್ತೆ, ಕಾರು ನಿಲ್ಲಿಸೋಷ್ಟು ಜಾಗದ ಹಿತ್ತಲೂ ಇರುತ್ತೆ. ಯಾವ ತೋಟ ಯಾವತ್ತು ಅಂತ ಹಳದಿ ರಟ್ಟಿನ ಪುಸ್ತಕವೊಂದು ಬರುತ್ತೆ. ಜನ ಮಕ್ಕಳು ಮರಿ ಕಟ್ಟಿಕೊಂಡು ಹೋಗಿ, ಗಿಡ ನೋಡಿ, ಟೀ ಕುಡಿದು, ಮನೆಯಾಕೆಯ ಹತ್ತಿರ ಗೊಬ್ಬರದ ಗುಟ್ಟು ಕೇಳಿಕೊಂಡು ಬರ್ತಾರೆ. ದುಡ್ಡು ದಾದಿಯರ ಸೇವೆಗೆ, ಆಸ್ಪತ್ರೆಯಂಥ ಕೆಲಸಕ್ಕೆ ಹೋಗುತ್ತೆ.

ನಮ್ಮಲ್ಲಿ ಇದಾಗುತ್ತಾ ಅಂತ ನೀವು ಕೇಳಬಹುದು. ಅರ್ಧ ಆಗಿದೆ. ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಬೆಂಗಳೂರಿನಲ್ಲಿ ಮನೆ ತೋಟ, ತಾರಸಿ ತೋಟಗಳಿಗೂ ಸ್ಪರ್ಧೆ ಇರುತ್ತೆ. ಮೈಸೂರಿನಲ್ಲಿ ದಸರಾ ಸಮಯಕ್ಕೆ ಕುಪ್ಪಣ್ಣ ಪಾರ್ಕಿನಲ್ಲಿ ಹೂವಿನ ಪ್ರದರ್ಶನ, ಜತೆಗೆ ಮನೆ ತೋಟಗಳ ಸ್ಪರ್ಧೆ. ತೀರ್ಪುಗಾರರು ಮನೆಗೇ ಬಂದು ನೋಡಿ ಅಂಕ ಹಾಕ್ತಾರೆ. ಬಹುಮಾನ ಬರುತ್ತೆ, ಕಪ್ಪು ಶೋಕೇಸಿಗೆ ಸೇರುತ್ತೆ. ಆದರೆ ಅದೇ ತೋಟವನ್ನು ಹಿಂದಿನ ಬೀದಿಯವರು ನೋಡಿರೋದಿಲ್ಲ! ತೀರ್ಪುಗಾರರಿಗೆ ತೆಗೆದ ಗೇಟನ್ನು ಮಾರನೇ ಭಾನುವಾರ ನೆರೆಹೊರೆಯವರಿಗೆ ತೆಗೆದರೆ ಇನ್ನರ್ಧ ಕೆಲಸವೂ ಮುಗಿದ ಹಾಗೆ.

ಹೀಗಂದ ತಕ್ಷಣ ಒಂದು ಆಕ್ಷೇಪಣೆ ಬರುತ್ತೆ, ನನಗೆ ಗೊತ್ತು. "ಸ್ವಾಮಿ, ಗೇಟು ಹಾಕಿರೋವಾಗ್ಲೇ ಬೆಳಗ್ಗೆ ಐದೂವರೆಗೆ ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಬಂದು, ಕಾಂಪೌಂಡಿನ ಮೇಲಿಂದ ಕೈ ಹಾಕಿ ದಾಸವಾಳ, ನಂದಿಬಟ್ಟಲು ಎಲ್ಲ ಕಿತ್ಕೊಂಡು ಹೋಗ್ತಾರೆ. ಇನ್ನು ತೆಗೆದಿಟ್ರೆ ಗಿಡಾನೇ ಹೋಗುತ್ತೆ!" ನಿಜ. ಬೆಂಗಳೂರು, ಮೈಸೂರು, ದಾವಣಗೆರೆ, ಯಾವ ಊರಿನ ಬಡಾವಣೆಯೂ ಈ ಹೂಗಳ್ಳತನದಿಂದ ಹೊರತಾಗಿಲ್ಲ. ದೇವರಿಗೆ ತಾನೇ ಅನ್ನೋ ಸಮಾಧಾನ ಬೇರೆ. ಆದರೆ ಕತ್ತಲಲ್ಲಿ ಕೈ ಹಾಕೋನು ನಿಮ್ಮ ಮುಖ ನೋಡಿರೋದಿಲ್ಲ. ಒಂದು ಸಲ ಒಳಗೆ ಬಂದು, ಆ ಗಿಡಕ್ಕೆ ನೀವು ಹಾಕಿದ ಶ್ರಮ ನೋಡಿ, ನಿಮ್ಮ ಕೈಯಿಂದ ಒಂದು ಕಡ್ಡಿ ಇಸಕೊಂಡು ಹೋದವನಿಗೆ ಮಾರನೇ ದಿನ ಕೈ ಹಾಕೋದು ಅಷ್ಟು ಸುಲಭ ಅಲ್ಲ. ಎಲ್ಲರೂ ಸುಧಾರಿಸ್ತಾರೆ ಅಂತ ಹೇಳ್ತಿಲ್ಲ, ಕೆಲವರಾದ್ರೂ ನಾಚಿಕೊಳ್ತಾರೆ.

ಗೇಟು ತೆರೆಯೋದಕ್ಕೂ ತೋಟ ಉಳಿಯೋದಕ್ಕೂ ಸಂಬಂಧ ಇದೆ. ಅದನ್ನು ಹೇಳೋಕೇ ಇಷ್ಟೆಲ್ಲ ಪೀಠಿಕೆ. 1898ರ ಪ್ಲೇಗಿನ ಕಾಲಕ್ಕೆ ಬೆಳೆದ ಮಲ್ಲೇಶ್ವರ, ಬಸವನಗುಡಿಗಳನ್ನು ನೆನಪು ಮಾಡಿಕೊಳ್ಳಿ. ಮನೆ ಮುಂದೆ ಸಂಪಿಗೆ, ಹಿಂದೆ ಮಾವು, ಸೀಬೆ, ನಡುವೆ ಬಾವಿ. ಇವತ್ತು ಅಲ್ಲಿ ಎಷ್ಟು ತೋಟ ಉಳಿದಿವೆ? ಒಂದೊಂದೇ ಮನೆ ಬಿತ್ತು, ಒಂದೊಂದೇ ಅಪಾರ್ಟ್‌ಮೆಂಟ್ ಎದ್ದಿತು. ಅಣ್ಣ ತಮ್ಮಂದಿರ ಪಾಲು, ಭೂಮಿಯ ಬೆಲೆ, ಅವರವರ ಕಷ್ಟ, ಯಾರನ್ನೂ ದೂರೋ ಹಾಗಿಲ್ಲ. ಆದರೆ ಒಂದು ಮರ ಬಿದ್ದಾಗಲೂ ಬೀದಿಯಲ್ಲಿ ಯಾರೂ ಅಯ್ಯೋ ಅನ್ನಲಿಲ್ಲ. ಯಾಕಂದ್ರೆ ಆ ಮರವನ್ನು ಮನೆಯವರ ಹೊರತು ಯಾರೂ ಹತ್ತಿರದಿಂದ ನೋಡಿರಲಿಲ್ಲ.

ಅದೇ ಸಾರ್ವಜನಿಕ ತೋಟಗಳ ಕಥೆ ನೋಡಿ. ಕಬ್ಬನ್ ಪಾರ್ಕ್ 1870ರಲ್ಲಿ ರಿಚರ್ಡ್ ಸ್ಯಾಂಕಿ ಕಾಲದಲ್ಲಿ ಆದದ್ದು. ಅದನ್ನೂ ಲಾಲ್‌ಬಾಗನ್ನೂ ಕಾಪಾಡೋಕೆ ಅಂತಲೇ 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂತು. ಕಾಯ್ದೆ ಇದ್ದರೂ 1998ರಲ್ಲಿ ಕಬ್ಬನ್ ಪಾರ್ಕಿನ ಒಂದಿಷ್ಟು ಜಾಗವನ್ನು ಉದ್ಯಾನದ ವ್ಯಾಪ್ತಿಯಿಂದ ಕೈಬಿಡೋಕೆ ಸರ್ಕಾರ ಹೊರಟಿತು. ಜನ ಬೀದಿಗಿಳಿದರು. 2009ರಲ್ಲಿ ಮೆಟ್ರೋ ಕೆಲಸಕ್ಕೆ ಲಾಲ್‌ಬಾಗಿನ ಒಂದು ಬದಿಯ ಗೋಡೆ ಒಡೆದು ಮರ ಕಡಿದರು. ಆಗಲೂ ಜನ ಬಂದರು. ಮೆಟ್ರೋ ನಿಲ್ಲಲಿಲ್ಲ, ಆದರೆ ಸದ್ದಿಲ್ಲದೆ ಕಡಿಯೋಕಾಗಲಿಲ್ಲ. 2025ರಲ್ಲಿ ಸುರಂಗ ರಸ್ತೆಗೆ ಲಾಲ್‌ಬಾಗಿನ ಜಾಗ ಬೇಕಾಗುತ್ತೆ ಅನ್ನೋ ಸುದ್ದಿ ಬಂದಾಗ ಮತ್ತೆ ಅದೇ ಜನ. ಯಾರು ಇವರು? ವಾಕಿಂಗ್ ಬರೋ ನಿವೃತ್ತ ಮೇಷ್ಟ್ರು, ಕೆರೆಯ ದಂಡೆಯಲ್ಲಿ ಹಕ್ಕಿ ನೋಡೋ ಹುಡುಗರು, ಮಗುವನ್ನು ಕರ್ಕೊಂಡು ಬರೋ ತಾಯಂದಿರು. ಕಾಯ್ದೆ ಪುಸ್ತಕದಲ್ಲಿರುತ್ತೆ. ಅದನ್ನು ನೆನಪಿಸೋಕೆ ಆ ತೋಟದಲ್ಲಿ ಓಡಾಡಿದ ಕಾಲುಗಳೇ ಬೇಕು.

ಹಾಗಾಗಿ ಹೋಗಿ. ಮನೆಯವರನ್ನೂ ಸ್ನೇಹಿತರನ್ನೂ ಕರ್ಕೊಂಡು ಹೋಗಿ. ಆದರೆ ಪ್ರದರ್ಶನದ ದಿನ ಮಾತ್ರ ಅಲ್ಲ, ಬೇರೆ ದಿನವೂ ಹೋಗಿ. ಜನಜಂಗುಳಿ ಇಲ್ಲದಾಗ ಲಾಲ್‌ಬಾಗಿನಲ್ಲಿ ನೋಡೋದು ಬಹಳ ಇದೆ. ಕೆಂಪೇಗೌಡರ ಗೋಪುರ ಇರೋ ಬಂಡೆಯ ಮೇಲೆ ಮಕ್ಕಳನ್ನು ಹತ್ತಿಸಿ, ಇದು ಸುಮಾರು ಮುನ್ನೂರು ಕೋಟಿ ವರ್ಷದ ಕಲ್ಲು ಅಂತ ಹೇಳಿ. ಗಾಜಿನ ಮನೆಯ ಕಬ್ಬಿಣದ ಕಂಬಗಳನ್ನು ತೋರಿಸಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕ ಹೊಯ್ದು ಹಡಗಿನಲ್ಲಿ ಬಂದದ್ದು, 1889ರಲ್ಲಿ ಅಡಿಗಲ್ಲು. ಅದನ್ನು ಕಟ್ಟಿಸಿದ ಕಾಲದಲ್ಲಿ ತೋಟದ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರೂನ್ ಇಲ್ಲಿ ಬೆಳೆಸಿದ ತರಕಾರಿಗಳಲ್ಲಿ ಒಂದು ಇವತ್ತು ನಿಮ್ಮ ಸಾಂಬಾರಿನಲ್ಲಿದೆ. ಸೀಮೆ ಬದನೆಕಾಯಿ! ದೊಡ್ಡ ಬೂರುಗದ ಮರದ ಬೇರಿನ ಹತ್ತಿರ ನಿಂತು ನೋಡಿ, ಮನುಷ್ಯನ ಎತ್ತರ ಎಷ್ಟು ಅಂತ ಗೊತ್ತಾಗುತ್ತೆ.

ಮತ್ತೆ, ವರ್ಷದಲ್ಲಿ ಒಂದೇ ಸಲ ಹೋಗಬೇಡಿ. 1908ರಲ್ಲಿ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದ್ದೇ ಒಂದರ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಲಿ ಅಂತ. ಜನವರಿ ಕಳೆದರೆ ಟಬೂಬಿಯಾ, ಬೆನ್ನಿಗೇ ಜಕರಾಂಡ, ಯುಗಾದಿಗೆ ಹೊಂಗೆ, ಬೇಸಿಗೆ ರಜೆಗೆ ಮಕ್ಕಳ ಕತ್ತಿಕಾಯಿ ಮರ, ಅಂದರೆ ಗುಲ್‌ಮೊಹರ್. ಈ ಕ್ಯಾಲೆಂಡರ್ ಮನೆಯ ಮಕ್ಕಳಿಗೆ ಬಾಯಿಪಾಠ ಆಗಲಿ.

ಒಂದೆರಡು ಮಾತು, ಬುದ್ಧಿವಾದ ಅಂದ್ಕೊಂಡ್ರೂ ಪರವಾಗಿಲ್ಲ. ಮರದ ಮೇಲೆ ಹೆಸರು ಕೆತ್ತಬೇಡಿ. ನಿಮ್ಮ ಪ್ರೀತಿ ಎಷ್ಟು ದಿನ ಬಾಳುತ್ತೋ ಗೊತ್ತಿಲ್ಲ, ಆ ಗಾಯ ಬಾಳುತ್ತೆ. ತಿಂದ ಕಾಗದ, ಬಾಟಲಿ ವಾಪಸ್ ತಗೊಂಡು ಹೋಗಿ. ವಯಸ್ಸಾದವರನ್ನು ಕರ್ಕೊಂಡು ಹೋದರೆ ಅವರ ನಡಿಗೆಗೆ ನೀವು ಹೊಂದಿಕೊಳ್ಳಿ, ಬೆಂಚು ಕಂಡಲ್ಲಿ ಕೂರಿಸಿ. ಅವರಿಗೆ ನಿಮಗಿಂತ ಹೆಚ್ಚು ಗಿಡಗಳ ಹೆಸರು ಗೊತ್ತಿರುತ್ತೆ, ಕೇಳಿ. ಕಳೆ ಕೀಳ್ತಾ ಕೂತಿರೋ ಮಾಲಿಯನ್ನು ಮಾತಾಡಿಸಿ. ಬೋರ್ಡಿನಲ್ಲಿ ಇಲ್ಲದ್ದು ಅವರಿಗೆ ಗೊತ್ತು.

ಇನ್ನು ಸ್ವಂತ ತೋಟ ಇರೋರಿಗೆ, ತಾರಸಿ ಮೇಲೆ ನಾಲ್ಕು ಕುಂಡ ಇದ್ದರೂ ಸಾಕು, ಒಂದು ವಿನಂತಿ. ಮುಂದಿನ ಸಲ ಬ್ರಹ್ಮಕಮಲ ಅರಳೋ ರಾತ್ರಿ ಫೋಟೋ ತೆಗೆದು ವಾಟ್ಸ್ಆ್ಯಪ್‌ಗೆ ಹಾಕೋ ಮೊದಲು ಪಕ್ಕದ ಮನೆಯವರ ಬೆಲ್ ಒತ್ತಿ. "ಬನ್ನಿ, ಹೂ ಅರಳ್ತಿದೆ" ಅನ್ನಿ. ಹಿಂದೆಲ್ಲ ಹಾಗೇ ಕರೀತಿದ್ದರು. ಇಡೀ ವಠಾರ ಬಂದು ನೋಡ್ತಿತ್ತು, ಒಂದು ಲೋಟ ಕಾಫಿ ಕುಡಿದು ಹೋಗ್ತಿತ್ತು. ಅದಕ್ಕೆ ಹಳದಿ ಪುಸ್ತಕವೂ ಬೇಡ, ಸರ್ಕಾರದ ಅನುಮತಿಯೂ ಬೇಡ.